ಅಕ್ಷರ ಹುಟ್ಟು ಹೇಳುತ್ತದೆ, ಅಂಕಿ ಬಾಳು ಹೇಳುತ್ತದೆ: ಕಾರ್ಬನೇಷಿಯಸ್ ಕಾಂಡ್ರೈಟ್‌ಗಳನ್ನು ಓದುವ ಬಗೆ

ಅಲೆಂಡೆ ಅನ್ನುವ ಉಲ್ಕಾಶಿಲೆಯ ಒಂದು ತುಂಡನ್ನು ಸೀಳಿ, ನಯ ಮಾಡಿ, ಬೆಳಕಿಗೆ ಹಿಡಿದರೆ ಮೊದಲು ಕಾಣುವುದು ಬರೀ ಬೂದುಗಪ್ಪು. ಸ್ವಲ್ಪ ಹೊತ್ತು ನೋಡುತ್ತಾ ಇದ್ದರೆ ಮಣಿಗಳು ಕಾಣತೊಡಗುತ್ತವೆ. ಗುಂಡುಸೂಜಿಯ ತಲೆಯಷ್ಟು ದಪ್ಪ. ಕೆಲವು ಪೂರ್ತಿ ದುಂಡು, ಕೆಲವು ಒಡೆದು ಅರ್ಧವಾದವು, ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ. ಕೆಲವು ಮಚ್ಚೆಗಳು ಒಂದು ಸೆಂಟಿಮೀಟರಿಗೂ ದೊಡ್ಡವು, ಅಂಚು ಸೊಟ್ಟಪಟ್ಟ, ಯಾರೋ ಸುಣ್ಣ ಸಿಡಿಸಿದ ಹಾಗೆ. ಅಂಥ ಬಿಳಿ ಮಚ್ಚೆಗಳ ವಯಸ್ಸು ಸುಮಾರು 456 ಕೋಟಿ 70 ಲಕ್ಷ ವರ್ಷ. ನಮ್ಮ ಸೌರವ್ಯೂಹದಲ್ಲೇ ಹುಟ್ಟಿದ ವಸ್ತುಗಳ ಪೈಕಿ ಇದುವರೆಗೆ ವಯಸ್ಸು ಅಳೆದವುಗಳಲ್ಲಿ ಇವೇ ಅತಿ ಹಳೆಯವು. ಭೂಮಿ ಆಗ ಇರಲೇ ಇಲ್ಲ.

ಅಲೆಂಡೆ ಬಿದ್ದದ್ದು 1969ರ ಫೆಬ್ರವರಿ 8ರಂದು, ಮೆಕ್ಸಿಕೊದ ಚಿವಾವಾ ರಾಜ್ಯದಲ್ಲಿ. ಎರಡು ಟನ್‌ಗೂ ಜಾಸ್ತಿ ಕಲ್ಲು ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಊರಿನ ಸುತ್ತಮುತ್ತ ಇನ್ನೊಂದು ಬಿತ್ತು. ಅಲ್ಲಿ ಸಿಕ್ಕಿದ್ದು 100 ಕಿಲೋಗಿಂತ ಜಾಸ್ತಿ. ಅಲ್ಲಿದ್ದವರಿಗೆ ಸ್ಪಿರಿಟ್‌ನಂಥ ವಾಸನೆ ಬಂದಿತ್ತಂತೆ. ಎರಡೂ ಕಪ್ಪು ಕಲ್ಲು, ಎರಡನ್ನೂ ಕರೆಯುವುದು ಕಾರ್ಬನೇಷಿಯಸ್ ಕಾಂಡ್ರೈಟ್ ಅಂತಲೇ. ಆದರೆ ಒಳಗೆ ನೋಡಿದರೆ ಒಂದಕ್ಕೊಂದು ಹೋಲಿಕೆ ಕಡಿಮೆ. ಅಲೆಂಡೆಯಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಮರ್ಚಿಸನ್‌ನಲ್ಲಿ ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ನೀರು ಖನಿಜಗಳ ಒಳಗೇ ಸಿಕ್ಕಿಕೊಂಡಿದೆ, ಕಲ್ಲಿನ ಬಹುಪಾಲು ಜೇಡಿಯಂಥ ಖನಿಜ.

ಹಾಗಾದರೆ ಇಬ್ಬರಿಗೂ ಒಂದೇ ಹೆಸರು ಯಾಕೆ?

ಅವುಗಳ ಚೀಟಿ ನೋಡಿ. ಅಲೆಂಡೆ ಸಿವಿ3. ಮರ್ಚಿಸನ್ ಸಿಎಂ2. ಈ ಚಿಕ್ಕ ಗುರುತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಇದೆ. ಅಕ್ಷರ ಹೇಳುವುದು ಕಲ್ಲು ಯಾವ ದೂಳಿನಿಂದ, ಎಂಥ ಜಾಗದಲ್ಲಿ ಹುಟ್ಟಿತು ಅಂತ. ಅಂಕಿ ಹೇಳುವುದು ಹುಟ್ಟಿದ ಮೇಲೆ ಅದರ ಪಾಡೇನಾಯಿತು ಅಂತ. ಇವೆರಡನ್ನು ಬೇರೆ ಮಾಡಿ ನೋಡಲು ಕಲಿತರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಇದನ್ನು ಮೊದಲೇ ಯಾರಾದರೂ ಹೀಗೆ ಹೇಳಿದ್ದರೆ ನನಗೆ ಎಷ್ಟೋ ಗೊಂದಲ ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಲ್ಲಿನೊಳಗೆ ಏನೇನಿದೆ ನೋಡೋಣ. ಮುಖ್ಯವಾಗಿ ಮೂರು ಬಗೆಯ ವಸ್ತು: ಬಿಳಿ ಮಚ್ಚೆ, ಮಣಿ, ಮತ್ತು ಇವೆರಡನ್ನೂ ಹಿಡಿದಿಟ್ಟ ಕಪ್ಪು ಪುಡಿ.

ಬಿಳಿ ಮಚ್ಚೆಯಲ್ಲಿ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಜಾಸ್ತಿ. ಅದಕ್ಕೇ ಅದರ ಹೆಸರು ಕ್ಯಾಲ್ಸಿಯಂ-ಅಲ್ಯೂಮಿನಿಯಂ ತುಂಬಿದ ಸೇರ್ಪಡೆ. ಚಿಕ್ಕದಾಗಿ ಸಿಎಐ ಅನ್ನುತ್ತಾರೆ. ಸೂರ್ಯ ಇನ್ನೂ ಎಳೆಯದಾಗಿದ್ದಾಗ ಅದರ ಸುತ್ತ ಬಿಸಿ ಅನಿಲದ ತಟ್ಟೆ ತಿರುಗುತ್ತಿತ್ತು. ಆ ಅನಿಲ ತಣಿಯುತ್ತಾ ಬಂದಾಗ ಎಲ್ಲಕ್ಕಿಂತ ಮೊದಲು, ಅಂದರೆ ಇನ್ನೂ ಸುಮಾರು 1300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಇರುವಾಗಲೇ, ಗಟ್ಟಿಯಾಗಿ ಉದುರಿದ ಖನಿಜಗಳು ಇವು. ಕೊರಂಡಂ, ಹಿಬೊನೈಟ್, ಪೆರೊವ್‌ಸ್ಕೈಟ್, ಮೆಲಿಲೈಟ್, ಸ್ಪಿನೆಲ್. ಕೊರಂಡಂ ನಿಮಗೆ ಗೊತ್ತಿರುವ ಖನಿಜವೇ, ಮಾಣಿಕ್ಯ ಮತ್ತು ನೀಲ ಎರಡೂ ಅದರದೇ ರೂಪ. ಬಿಸಿ ಅನಿಲ ತಣಿದರೆ ಯಾವ ಖನಿಜ ಯಾವ ಸರದಿಯಲ್ಲಿ ಬರಬೇಕು ಅಂತ ಲೆಕ್ಕ ಹಾಕಬಹುದು. ಆ ಲೆಕ್ಕದಲ್ಲಿ ಮೊದಲು ಬರುವ ಹೆಸರುಗಳೇ ಈ ಮಚ್ಚೆಗಳಲ್ಲಿ ಸಿಗುತ್ತವೆ. ಎಲ್ಲ ಮಚ್ಚೆಯೂ ನೇರವಾಗಿ ಅನಿಲದಿಂದ ಉದುರಿದ್ದಲ್ಲ. ಎಷ್ಟೋ ಮಚ್ಚೆಗಳು ಆಮೇಲೆ ಮತ್ತೆ ಕರಗಿ ಗಟ್ಟಿಯಾಗಿವೆ, ಅಂಥವುಗಳಲ್ಲಿ ಹರಳುಗಳು ದೊಡ್ಡದಾಗಿ ಬೆಳೆದಿರುತ್ತವೆ.

ಮಣಿಗಳ ಹೆಸರು ಕಾಂಡ್ರೂಲ್. ಗ್ರೀಕ್ ಭಾಷೆಯಲ್ಲಿ ಕಾಳಿಗೆ ಇರುವ ಮಾತಿನಿಂದ ಬಂದದ್ದು. ಕಾಂಡ್ರೈಟ್ ಅನ್ನುವ ಹೆಸರಿನ ಮೂಲವೂ ಅದೇ. ಇವು ಒಂದು ಕಾಲಕ್ಕೆ ಬಾಹ್ಯಾಕಾಶದಲ್ಲಿ ತೇಲುತ್ತಿದ್ದ ಕರಗಿದ ಹನಿಗಳು. ದೂಳಿನ ಉಂಡೆಗಳು ಏನೋ ಕಾರಣಕ್ಕೆ 1500 ಡಿಗ್ರಿ ದಾಟಿ ಕಾದವು, ಕರಗಿ ಹನಿಯಾದವು, ಆಮೇಲೆ ಕೆಲವು ಗಂಟೆ ಅಥವಾ ದಿನಗಳಲ್ಲಿ ತಣಿದು ಗಟ್ಟಿಯಾದವು. ಕಾಯಿಸಿದ್ದು ಅನಿಲದಲ್ಲಿ ಎದ್ದ ಆಘಾತದ ಅಲೆಯೋ ಪುಟ್ಟ ಗ್ರಹಗಳ ಡಿಕ್ಕಿಯೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಒಳಗಿನ ಖನಿಜ ಮಾತ್ರ ಸ್ಪಷ್ಟ: ಆಲಿವಿನ್, ಪೈರಾಕ್ಸೀನ್, ಅವುಗಳ ಸಂದಿಯಲ್ಲಿ ಗಾಜು, ಜೊತೆಗೆ ಕಬ್ಬಿಣ-ನಿಕೆಲ್ ಲೋಹದ ಗುಳಿಗೆ ಮತ್ತು ಕಬ್ಬಿಣದ ಸಲ್ಫೈಡ್. ಈ ಗಾಜನ್ನು ನೆನಪಿನಲ್ಲಿಡಿ. ನೀರು ಬಂದಾಗ ಮೊದಲು ಸೋಲುವುದು ಅದೇ.

ಮಣಿಗಳಲ್ಲಿ ಹೆಚ್ಚಿನವು ಬಿಳಿ ಮಚ್ಚೆಗಿಂತ ಇಪ್ಪತ್ತು ಮೂವತ್ತು ಲಕ್ಷ ವರ್ಷ ಚಿಕ್ಕವು. ಅಂದರೆ ಬಿಳಿ ಮಚ್ಚೆಗಳು ಅಷ್ಟು ಕಾಲ ಎಲ್ಲೋ ಸುತ್ತುತ್ತಾ ಕಾದಿದ್ದು, ಆಮೇಲೆ ಮಣಿಗಳ ಜೊತೆ ಒಂದೇ ಕಲ್ಲಿಗೆ ಸೇರಿವೆ.

ಮೂರನೆಯದು ಕಪ್ಪು ಪುಡಿ, ಮ್ಯಾಟ್ರಿಕ್ಸ್. ಬರಿಗಣ್ಣಿಗೆ ಸುಮ್ನೆ ಮಸಿಯ ಹಾಗೆ ಕಾಣುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ಅದರೊಳಗಿನ ಒಂದೊಂದೇ ಕಣ ಬೇರೆಯಾಗುತ್ತದೆ: ಮೈಕ್ರಾನ್‌ಗಿಂತ ಚಿಕ್ಕ ಆಲಿವಿನ್, ಸಲ್ಫೈಡ್, ಜೇಡಿ ಖನಿಜ, ಮ್ಯಾಗ್ನೆಟೈಟ್, ಇಂಗಾಲದ ಸಂಯುಕ್ತಗಳು. ಎಲ್ಲಕ್ಕಿಂತ ದೊಡ್ಡ ಗುಟ್ಟು ಇರುವುದೂ ಇಲ್ಲೇ. ಈ ಪುಡಿಯಲ್ಲಿ ಸೂರ್ಯನಿಗಿಂತ ಹಳೆಯ ಕಣಗಳಿವೆ. ಬೇರೆ ನಕ್ಷತ್ರಗಳು ಸಾಯುವಾಗ ಉಗುಳಿದ ಸಿಲಿಕಾನ್ ಕಾರ್ಬೈಡ್, ಗ್ರಾಫೈಟ್, ಮತ್ತು ನ್ಯಾನೊ ಅಳತೆಯ ವಜ್ರದ ಕಣಗಳು. 1987ರಲ್ಲಿ ಮೊದಲು ಬೇರ್ಪಡಿಸಿದ್ದು. ಮೊದಲಿಗೆ ಕೈಗೆ ಬಂದದ್ದು ವಜ್ರ. ಅವುಗಳ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಲೆಕ್ಕ ಸೌರವ್ಯೂಹದ ಯಾವುದಕ್ಕೂ ಹೊಂದುವುದಿಲ್ಲ, ಆದ್ದರಿಂದಲೇ ಹೊರಗಿನವು ಅಂತ ಗೊತ್ತಾಗುವುದು. ಮರ್ಚಿಸನ್‌ನಿಂದ ತೆಗೆದ ಕೆಲವು ಸಿಲಿಕಾನ್ ಕಾರ್ಬೈಡ್ ಕಣಗಳ ವಯಸ್ಸನ್ನು 2020ರಲ್ಲಿ ಪ್ರಕಟಿಸಿದರು. ಹೆಚ್ಚಿನವು ಸೂರ್ಯನಿಗಿಂತ ಸ್ವಲ್ಪವೇ ಹಿರಿಯವು, ಆದರೆ ಅತಿ ಹಳೆಯದರ ವಯಸ್ಸು 700 ಕೋಟಿ ವರ್ಷದ ಹತ್ತಿರ. ಬಿಳಿ ಮಚ್ಚೆಯನ್ನು ಅತಿ ಹಳೆಯದು ಅನ್ನುವಾಗ ನಾನು 'ನಮ್ಮ ಸೌರವ್ಯೂಹದಲ್ಲೇ ಹುಟ್ಟಿದ' ಅಂತ ಸೇರಿಸಿದ್ದು ಇದಕ್ಕೇ.

ಈಗ ಹೆಸರಿನ ವಿಷಯ. ಕಾರ್ಬನೇಷಿಯಸ್ ಅಂದರೆ ಇಂಗಾಲ ಉಳ್ಳದ್ದು. ಹೆಸರು ಕೇಳಿದ ತಕ್ಷಣ ಇಂಗಾಲ ಜಾಸ್ತಿ ಇರುವ ಕಲ್ಲು ಅನ್ನಿಸುತ್ತದೆ, ಅಲ್ವಾ? ಸಿಐ ಗುಂಪಿನವುಗಳಲ್ಲಿ (ಈ ಅಕ್ಷರಗಳ ಅರ್ಥ ಮುಂದೆ ಬರುತ್ತದೆ) ನಿಜಕ್ಕೂ ಇಂಗಾಲ ತೂಕದ 3 ಶೇಕಡಾ ದಾಟುತ್ತದೆ. ಸಿಎಂಗಳಲ್ಲಿ ಸುಮಾರು 2. ಆದರೆ ಸಿವಿ, ಸಿಕೆ ಗುಂಪಿಗೆ ಬಂದರೆ ಶೇಕಡಾ ಒಂದಕ್ಕೂ ಬಹಳ ಕಡಿಮೆ. ಎನ್‌ಸ್ಟಟೈಟ್ ಕಾಂಡ್ರೈಟ್ ಅಂತ ಇನ್ನೊಂದು ಬೇರೆಯೇ ವರ್ಗ ಇದೆ, ಅದರಲ್ಲಿ ಸಿಕೆಗಿಂತ ಹೆಚ್ಚು ಇಂಗಾಲ ಇರುತ್ತದೆ, ಆದರೂ ಅದನ್ನು ಯಾರೂ ಕಾರ್ಬನೇಷಿಯಸ್ ಅನ್ನುವುದಿಲ್ಲ. ಹೆಸರು ಬಂದದ್ದು ಮೊದಲು ಪರೀಕ್ಷೆಗೆ ಸಿಕ್ಕ ಕಲ್ಲುಗಳಿಂದ. ಫ್ರಾನ್ಸಿನ ಅಲೇ ಹತ್ತಿರ 1806ರಲ್ಲಿ ಬಿದ್ದ ಕಲ್ಲನ್ನು 1834ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಪರೀಕ್ಷಿಸಿದರು. ಅದು ಇಂಗಾಲ, ನೀರು ಎರಡೂ ಇದ್ದ ಮೆತ್ತನೆಯ ಕಲ್ಲು. ಮುಂದೆ ಅಂಥ ಕಲ್ಲುಗಳ ನೆಂಟರನ್ನೆಲ್ಲ ಸೇರಿಸುತ್ತಾ ಹೋದಾಗ ಇಂಗಾಲ ಕಡಿಮೆ ಇರುವವೂ ಒಳಗೆ ಬಂದವು. ಹೆಸರು ಮಾತ್ರ ಬದಲಾಗಲಿಲ್ಲ.

ನೆಂಟಸ್ತಿಕೆಯನ್ನು ಇವತ್ತು ನಿರ್ಧರಿಸುವುದು ಬೇರೆ ಎರಡು ಗುರುತು. ಒಂದು, ಬೇಗ ಗಟ್ಟಿಯಾಗುವ ಧಾತುಗಳ ಪಾಲು. ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಟೈಟಾನಿಯಂ ಇವುಗಳನ್ನು ಸಿಲಿಕಾನ್ ಜೊತೆ ಹೋಲಿಸಿ ನೋಡುತ್ತಾರೆ. ಕಾರ್ಬನೇಷಿಯಸ್ ಕಾಂಡ್ರೈಟ್‌ಗಳಲ್ಲಿ ಈ ಪ್ರಮಾಣ ಸೂರ್ಯನಲ್ಲಿ ಇರುವಷ್ಟೇ ಅಥವಾ ಅದಕ್ಕಿಂತ ಜಾಸ್ತಿ. ಉಳಿದ ಕಾಂಡ್ರೈಟ್‌ಗಳಲ್ಲಿ ಕಡಿಮೆ. ಬಿಳಿ ಮಚ್ಚೆ ಎಲ್ಲಿ ಹೆಚ್ಚೋ ಅಲ್ಲಿ ಇವೂ ಹೆಚ್ಚು, ಅದರಲ್ಲಿ ಆಶ್ಚರ್ಯ ಇಲ್ಲ.

ಎರಡನೆಯದು ಆಮ್ಲಜನಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಡೀ ಕ್ಷೇತ್ರವನ್ನೇ ತಿರುಗಿಸಿದ ಸಂಗತಿ ಇದು. ಆಮ್ಲಜನಕದಲ್ಲಿ ಮೂರು ಸ್ಥಿರ ಐಸೋಟೋಪ್‌ಗಳಿವೆ, ತೂಕ 16, 17, 18. ಆವಿಯಾಗುವುದು, ಹರಳಾಗುವುದು, ಬಂಡೆ ಕರಗುವುದು, ಹೀಗೆ ಯಾವ ಮಾಮೂಲಿ ಪ್ರಕ್ರಿಯೆ ನಡೆದರೂ 18ರ ಪಾಲು ಎಷ್ಟು ಏರುಪೇರಾಗುತ್ತದೋ 17ರದು ಅದರ ಅರ್ಧದಷ್ಟು ಆಗುತ್ತದೆ. ಭೂಮಿಯ ಕಲ್ಲು, ನೀರು, ಗಾಳಿ ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಮಾಡಿದರೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. 1973ರಲ್ಲಿ ರಾಬರ್ಟ್ ಕ್ಲೇಟನ್ ಮತ್ತು ಜೊತೆಗಾರರು ಅಲೆಂಡೆಯ ಬಿಳಿ ಮಚ್ಚೆಗಳನ್ನು ಅಳೆದಾಗ ಅವು ಆ ಗೆರೆಯನ್ನು ಬಿಟ್ಟು ಬೇರೆಯೇ ಗೆರೆ ಹಿಡಿದಿದ್ದವು. 17, 18 ಎರಡೂ ಒಂದೇ ಸಮ ಕಡಿಮೆ, ಅಂದರೆ 16ರ ಪಾಲು ಶೇಕಡಾ ನಾಲ್ಕೈದರಷ್ಟು ಹೆಚ್ಚು. ಯಾವ ಕುಲುಮೆಯಲ್ಲಿ ಕಾಯಿಸಿದರೂ ಹೀಗೆ ಆಗುವುದಿಲ್ಲ. ಸೌರವ್ಯೂಹದ ಮೂಲ ವಸ್ತು ಎಲ್ಲ ಕಡೆ ಒಂದೇ ಸಮ ಬೆರೆತಿರಲಿಲ್ಲ ಅಂತ ಇದರಿಂದ ಗೊತ್ತಾಯಿತು. ಅಂದಿನಿಂದ ಆಮ್ಲಜನಕದ ಲೆಕ್ಕ ಉಲ್ಕಾಶಿಲೆಗಳಿಗೆ ಬೆರಳಚ್ಚಿನ ಹಾಗೆ.

ಇತ್ತೀಚೆಗೆ ಕ್ರೋಮಿಯಂ, ಟೈಟಾನಿಯಂ ಐಸೋಟೋಪ್‌ಗಳನ್ನೂ ಅಳೆದಾಗ ಉಲ್ಕಾಶಿಲೆಗಳು ಎರಡು ದೊಡ್ಡ ಬಣಗಳಾಗಿ ಒಡೆದವು, ಮಧ್ಯೆ ಖಾಲಿ. ಒಂದು ಬಣದಲ್ಲಿ ಕಾರ್ಬನೇಷಿಯಸ್ ಕಾಂಡ್ರೈಟ್‌ಗಳು, ಇನ್ನೊಂದರಲ್ಲಿ ಭೂಮಿ, ಮಂಗಳ ಮತ್ತು ಉಳಿದ ಬಹುಪಾಲು ಉಲ್ಕಾಶಿಲೆಗಳು. ಗುರು ಗ್ರಹ ಬೇಗ ಬೆಳೆದು ಒಳಗಿನ ದೂಳಿಗೂ ಹೊರಗಿನ ದೂಳಿಗೂ ನಡುವೆ ಅಡ್ಡ ನಿಂತಿತು, ಕಾರ್ಬನೇಷಿಯಸ್‌ಗಳು ಹುಟ್ಟಿದ್ದು ಗುರುವಿನ ಆಚೆ ಅನ್ನುವುದು ಈಗ ಹೆಚ್ಚು ಕೇಳಿಬರುವ ವಿವರಣೆ. ಗುರುವಿನ ಪಾತ್ರದ ಬಗ್ಗೆ ತಕರಾರು ಇದೆ. ಬಣ ಎರಡು ಅನ್ನುವುದರಲ್ಲಿ ಇಲ್ಲ.

ಇನ್ನು ಅಕ್ಷರಗಳು. ಸಿ ಅಂದರೆ ಕಾರ್ಬನೇಷಿಯಸ್. ಅದರ ಪಕ್ಕದ ಅಕ್ಷರ ಆ ಗುಂಪಿನ ಮಾದರಿ ಕಲ್ಲು ಬಿದ್ದ ಊರಿನದು. ಸಿಐಯ ಐ ಟಾಂಜಾನಿಯಾದ ಇವೂನಾದಿಂದ ಬಂದದ್ದು, ಅದು 1938ರಲ್ಲಿ ಬಿತ್ತು. ಇದನ್ನು ರೋಮನ್ ಒಂದು ಅಂತ ಓದಿ ಎಡವುವವರು ಬಹಳ. ಸಿಎಂ ಉಕ್ರೇನಿನ ಮಿಘೆಯಿಯದು, 1889. ಸಿಒ ಫ್ರಾನ್ಸಿನ ಓರ್ನಾನ್, 1868. ಸಿವಿ ಇಟಲಿಯ ವಿಗರಾನೊ, 1910. ಸಿಆರ್ ಅದೇ ಇಟಲಿಯ ರೆನಾಟ್ಸೊ, 1824. ಸಿಕೆ ಆಸ್ಟ್ರೇಲಿಯಾದ ಕರೂಂಡಾ, 1930. ಸಿಬಿ ಆಸ್ಟ್ರೇಲಿಯಾದ್ದೇ ಬೆಂಕಬ್ಬಿನ್. ಸಿಎಚ್ ಒಂದಕ್ಕೆ ಮಾತ್ರ ಊರಿಲ್ಲ, ಎಚ್ ಅಂದರೆ ಲೋಹ ಹೆಚ್ಚು ಅಂತ. ಒಂದೇ ಬಗೆಯ ಕನಿಷ್ಠ ಐದು ಕಲ್ಲು ಸಿಕ್ಕರೆ ಮಾತ್ರ ಅದನ್ನು ಗುಂಪು ಅನ್ನುವುದು ರೂಢಿ. ಇಲ್ಲದಿದ್ದರೆ ಗುಂಪಿಲ್ಲದ್ದು ಅಂತಲೇ ಬರೆಯುತ್ತಾರೆ.

ಪ್ರಯೋಗಾಲಯಕ್ಕೆ ಹೋಗುವ ಮೊದಲೇ, ಸೀಳಿದ ಮುಖ ನೋಡಿ ಅರ್ಧ ಊಹೆ ಮಾಡಬಹುದು. ಮಣಿ ಎಷ್ಟು ದಪ್ಪ, ಎಷ್ಟು ಒತ್ತು, ನಡುವಿನ ಪುಡಿ ಎಷ್ಟು? ಸಿವಿಯಲ್ಲಿ ಮಣಿ ಸುಮಾರು ಒಂದು ಮಿಲಿಮೀಟರ್, ಬಿಳಿ ಮಚ್ಚೆ ದೊಡ್ಡದು. ಸಿಒದಲ್ಲಿ ಮಣಿ ಒತ್ತೊತ್ತಾಗಿಯೇ ಇರುತ್ತವೆ ಆದರೆ ತೀರಾ ಚಿಕ್ಕವು, ಒಂದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು, ಭೂತಗನ್ನಡಿ ಇಲ್ಲದೆ ಕಾಣುವುದು ಕಷ್ಟ. ಸಿಎಂನಲ್ಲಿ ಕಲ್ಲಿನ ಸುಮಾರು ಐದನೇ ಒಂದು ಪಾಲು ಮಾತ್ರ ಮಣಿ, ಉಳಿದದ್ದರಲ್ಲಿ ಹೆಚ್ಚಿನದು ಕಪ್ಪು ಪುಡಿ. ಸಿಆರ್‌ನಲ್ಲಿ ಮಣಿಗಳ ಒಳಗೂ ಸುತ್ತಲೂ ಲೋಹ ಮಿನುಗುತ್ತದೆ. ಸಿಐಯಲ್ಲಿ ಮಣಿಯೇ ಇಲ್ಲ. ಕಾಂಡ್ರೂಲ್ ಇಲ್ಲದ ಕಾಂಡ್ರೈಟ್! ಆದರೂ ಅದನ್ನು ಇದೇ ಕುಟುಂಬದಲ್ಲಿ ಇಡುವುದು ಅದರ ರಾಸಾಯನಿಕ ಹೊಂದಿಕೆಯಿಂದ.

ಸಿಬಿ ಮತ್ತು ಸಿಎಚ್ ಇವೆಲ್ಲಕ್ಕಿಂತ ಬೇರೆ. ಸಿಬಿಯ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಲೋಹ, ಸೀಳಿದರೆ ಫಳಫಳ ಹೊಳೆಯುತ್ತದೆ. ಅದರ ಮಣಿಗಳು ಬಿಳಿ ಮಚ್ಚೆಗಿಂತ ಸುಮಾರು 50 ಲಕ್ಷ ವರ್ಷ ತಡವಾಗಿ ಹುಟ್ಟಿದವು, ಅಷ್ಟು ಹೊತ್ತಿಗೆ ದೂಳಿನ ತಟ್ಟೆ ಬಹುಪಾಲು ಚದುರಿಹೋಗಿತ್ತು. ಎರಡು ಪುಟ್ಟ ಗ್ರಹಗಳು ಡಿಕ್ಕಿ ಹೊಡೆದಾಗ ಎದ್ದ ಆವಿ ಮತ್ತು ಹನಿಗಳಿಂದ ಇವು ಆದವು ಅಂತ ಹೇಳುತ್ತಾರೆ.

ಈಗ ಅಂಕಿ. ಜನ ಹೆಚ್ಚು ಎಡವುವುದು ಇಲ್ಲೇ. 1ರಿಂದ 6ರವರೆಗೆ ಅಂಕಿ ಇದೆ ಅಂದ ತಕ್ಷಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನೋ ಹೆಚ್ಚುತ್ತಾ ಹೋಗುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಶುರುವಾಗುವ ಜಾಗ ಮಧ್ಯದಲ್ಲಿದೆ, 3ರಲ್ಲಿ. ಅಂಕಿ 3.0 ಇರುವ ಕಲ್ಲು ಕೂಡಿಕೊಂಡ ದಿನ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇದೆ. ಅಲ್ಲಿಂದ ಎಡಕ್ಕೆ 2, 1 ಅಂತ ಹೋದರೆ ನೀರಿನ ಪ್ರಭಾವ ಹೆಚ್ಚುತ್ತದೆ. ಬಲಕ್ಕೆ 4, 5, 6 ಅಂತ ಹೋದರೆ ಬಿಸಿಯ ಪ್ರಭಾವ. ಎರಡು ಬೇರೆ ದಾರಿ, ಹೊರಡುವ ಮನೆ ಮಾತ್ರ ಒಂದೇ. 1967ರಲ್ಲಿ ವ್ಯಾನ್ ಶ್ಮೂಸ್ ಮತ್ತು ವುಡ್ ಮಾಡಿದ ಏರ್ಪಾಡು ಇದು. ಅವರು ಮಾಡಿದಾಗ ಅರ್ಥ ಸ್ವಲ್ಪ ಬೇರೆ ಇತ್ತು, 1 ಅನ್ನುವುದು ಏನೂ ಬದಲಾಗದ ಕಲ್ಲು ಅಂದುಕೊಂಡಿದ್ದರು. ನೀರಿನ ಕೈವಾಡ ಸ್ಪಷ್ಟವಾದ ಮೇಲೆ ಓದುವ ರೀತಿ ಬದಲಾಯಿತು, ಅಂಕಿ ಹಾಗೇ ಉಳಿಯಿತು.

ಆದರೆ ಈ ಕಲ್ಲುಗಳು ಒಡೆದು ಬಂದ ಕ್ಷುದ್ರಗ್ರಹದ ಒಳಗೆ ನೀರು ಎಲ್ಲಿಂದ ಬಂತು? ದೂಳಿನ ಜೊತೆ ಮಂಜುಗಡ್ಡೆಯೂ ಸೇರಿಕೊಂಡಿತ್ತು. ಅದನ್ನು ಕರಗಿಸಿದ್ದು ಸೂರ್ಯನಲ್ಲ, ಅಲ್ಯೂಮಿನಿಯಂ-26. ಈ ವಿಕಿರಣಶೀಲ ಐಸೋಟೋಪ್ ಸುಮಾರು 7 ಲಕ್ಷ ವರ್ಷಕ್ಕೊಮ್ಮೆ ಅರ್ಧವಾಗುತ್ತದೆ, ಕ್ಷಯಿಸಿ ಮೆಗ್ನೀಸಿಯಂ-26 ಆಗುತ್ತದೆ, ಆಗ ಶಾಖ ಬಿಡುತ್ತದೆ. ಅದು ಒಂದು ಕಾಲಕ್ಕೆ ಜೀವಂತ ಇತ್ತು ಅನ್ನುವುದಕ್ಕೆ ಸಾಕ್ಷಿ 1976ರಲ್ಲಿ ಸಿಕ್ಕಿದ್ದು ಮತ್ತೆ ಅಲೆಂಡೆಯ ಬಿಳಿ ಮಚ್ಚೆಯಲ್ಲೇ: ಅಲ್ಯೂಮಿನಿಯಂ ಹೆಚ್ಚಿದ್ದ ಖನಿಜಗಳಲ್ಲಿ ಅಷ್ಟೇ ಲೆಕ್ಕವಾಗಿ ಮೆಗ್ನೀಸಿಯಂ-26 ಕೂಡ ಹೆಚ್ಚಿತ್ತು. ಬೇಗ ಕೂಡಿಕೊಂಡ ಕಾಯದಲ್ಲಿ ಈ ಇಂಧನ ಜಾಸ್ತಿ, ತಡವಾದದ್ದರಲ್ಲಿ ಕಡಿಮೆ. ಎಷ್ಟು ಮಂಜುಗಡ್ಡೆ ಇತ್ತು, ಎಷ್ಟು ಅಲ್ಯೂಮಿನಿಯಂ-26 ಉಳಿದಿತ್ತು, ಕಾಯ ಎಷ್ಟು ದೊಡ್ಡದು ಅನ್ನುವುದರ ಮೇಲೆ ಕಲ್ಲು ಎಡಕ್ಕೆ ಹೋಗಬೇಕೋ ಬಲಕ್ಕೋ ಅನ್ನುವುದು ತೀರ್ಮಾನವಾಯಿತು.

ಎಡದ ದಾರಿಯನ್ನು ಹತ್ತಿರದಿಂದ ನೋಡೋಣ. ಮರ್ಚಿಸನ್‌ನಂಥ ಸಿಎಂ ಕಲ್ಲಿನ ತೆಳು ಪದರವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಂದು ಮಣಿ ಕಾಣುತ್ತದೆ ಅಂದುಕೊಳ್ಳಿ. ಆಲಿವಿನ್ ಹರಳುಗಳು ಇನ್ನೂ ಗಟ್ಟಿಮುಟ್ಟಾಗಿವೆ, ಬಣ್ಣ ಬಣ್ಣವಾಗಿ ಹೊಳೆಯುತ್ತವೆ. ಆದರೆ ಅವುಗಳ ಸಂದಿಯಲ್ಲಿದ್ದ ಗಾಜು ಕಾಣೆ. ಆ ಜಾಗದಲ್ಲಿ ಕಂದು-ಹಸಿರು ನಾರಿನಂಥ ವಸ್ತು, ಅದೇ ಸರ್ಪೆಂಟೀನ್. ಲೋಹದ ಗುಳಿಗೆ ಇದ್ದ ಕಡೆ ಅದರ ಆಕಾರ ಮಾತ್ರ ಉಳಿದಿದೆ, ಒಳಗೆ ಟೋಚಿಲಿನೈಟ್ ಅನ್ನುವ ಖನಿಜ, ಕಬ್ಬಿಣದ ಸಲ್ಫೈಡ್ ಒಂದು ಪದರ, ಹೈಡ್ರಾಕ್ಸೈಡ್ ಒಂದು ಪದರ, ಹೀಗೆ ಒಂದರ ಮೇಲೊಂದು. ಇದು ಕ್ರಾನ್‌ಸ್ಟೆಡ್ಟೈಟ್ ಅನ್ನುವ ಕಬ್ಬಿಣ ತುಂಬಿದ ಸರ್ಪೆಂಟೀನ್ ಜೊತೆ ಹೆಣೆದುಕೊಂಡಿರುತ್ತದೆ. ಆ ಹೆಣಿಗೆ ಎಷ್ಟು ಸಣ್ಣದೆಂದರೆ ವರ್ಷಗಟ್ಟಲೆ ಅದನ್ನು ಬರಹಗಳಲ್ಲಿ 'ಸರಿಯಾಗಿ ಗುರುತು ಸಿಗದ ವಸ್ತು' ಅನ್ನುವ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಪಕ್ಕದಲ್ಲಿ ಕ್ಯಾಲ್ಸೈಟ್‌ನ ಬಿಳಿ ಕಣ, ಹರಿದಾಡಿದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿತ್ತು ಅನ್ನುವ ಗುರುತು. ಇಷ್ಟೆಲ್ಲ ಆದದ್ದು ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲಿ.

ನೀರು ಇನ್ನೂ ಹೆಚ್ಚು ಕಾಲ ಇದ್ದರೆ ಆಲಿವಿನ್ ಕೂಡ ಉಳಿಯುವುದಿಲ್ಲ. ಮಣಿ ಇದ್ದ ಜಾಗದಲ್ಲಿ ಅದರ ನೆರಳು ಮಾತ್ರ ಉಳಿಯುತ್ತದೆ, ಆಮೇಲೆ ಅದೂ ಅಳಿಸಿಹೋಗುತ್ತದೆ. ಕಬ್ಬಿಣ ಹೋಗಿ ಮ್ಯಾಗ್ನೆಟೈಟ್‌ಗೆ ಸೇರುತ್ತದೆ, ಸರ್ಪೆಂಟೀನ್‌ನಲ್ಲಿ ಮೆಗ್ನೀಸಿಯಂ ಪಾಲು ಏರುತ್ತಾ ಹೋಗುತ್ತದೆ. ಇದು ಅಂಕಿ 1. ಸಿಐ ಕಲ್ಲುಗಳೆಲ್ಲ ಇಲ್ಲೇ ಇವೆ. ಸರ್ಪೆಂಟೀನ್ ಮತ್ತು ಸಪೊನೈಟ್ ಜೇಡಿ, ಪಿರೋಟೈಟ್, ಡಾಲೊಮೈಟ್‌ನಂಥ ಕಾರ್ಬೊನೇಟ್, ಮತ್ತು ಮ್ಯಾಗ್ನೆಟೈಟ್. ಈ ಮ್ಯಾಗ್ನೆಟೈಟ್ ನೋಡಲು ಬಲು ಚೆಂದ. ಒಂದು ಕಡೆ ಪುಟ್ಟ ಗೋಳಗಳ ಗೊಂಚಲು, ಇನ್ನೊಂದು ಕಡೆ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂಥ ಬಿಲ್ಲೆಗಳ ಸಾಲು. ಕರಗಿದ ಕಲ್ಲು ತಣಿದರೆ ಹೀಗೆ ಆಗುವುದಿಲ್ಲ, ನೀರಿನಲ್ಲಿ ಬೆಳೆದದ್ದಕ್ಕೆ ಈ ಆಕಾರವೇ ಸಾಕ್ಷಿ.

2ರ ಒಳಗೂ ಹೆಚ್ಚುಕಡಿಮೆ ಇದೆ, ಅದಕ್ಕೆ ಸಿಎಂಗಳನ್ನು 2.0ಯಿಂದ 2.6ರವರೆಗೆ ದಶಾಂಶ ಹಾಕಿ ವಿಂಗಡಿಸುತ್ತಾರೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. 2021ರ ಫೆಬ್ರವರಿ 28ರಂದು ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಬಿದ್ದ ಸಿಎಂ ಕಲ್ಲನ್ನು ಬಿಡಿಸಿ ನೋಡಿದಾಗ ಒಂದೇ ಕಲ್ಲಿನಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರುಂಡ ತುಣುಕುಗಳು ಸಿಕ್ಕವು. ಡಿಕ್ಕಿಯಲ್ಲಿ ಒಡೆದು ಮತ್ತೆ ಅಂಟಿಕೊಂಡ ಚೂರುಗಳ ರಾಶಿ ಅದು. ಅಂಥ ಕಡೆ ಒಂದೇ ಅಂಕಿ ಇಡೀ ಕಲ್ಲಿಗೆ ಹೊಂದುವುದಿಲ್ಲ. ಸಿಎಂಗಳಲ್ಲಿ ಇದು ತುಂಬಾ ಸಾಮಾನ್ಯ.

ಬಲದ ದಾರಿಯಲ್ಲಿ ಹೇಳುವುದು ಕಡಿಮೆ, ಯಾಕೆಂದರೆ ಕಾರ್ಬನೇಷಿಯಸ್‌ಗಳಲ್ಲಿ ಆ ದಾರಿಯಲ್ಲಿ ದೂರ ಹೋದ ಮುಖ್ಯ ಗುಂಪು ಸಿಕೆ ಒಂದೇ. ಬಿಸಿಯನ್ನು ಅಳೆಯುವ ಉಪಾಯ ಮಾತ್ರ ಸೊಗಸಾಗಿದೆ. 3.0 ಕಲ್ಲಿನಲ್ಲಿ ಪಕ್ಕಪಕ್ಕದ ಎರಡು ಆಲಿವಿನ್ ಕಣಗಳಲ್ಲಿ ಕಬ್ಬಿಣದ ಪಾಲು ಬೇರೆ ಬೇರೆ ಇರುತ್ತದೆ, ಹುಟ್ಟಿದ್ದು ಬೇರೆ ಬೇರೆ ಕಡೆ ತಾನೇ. ಕಲ್ಲು ಕಾದರೆ ಕಬ್ಬಿಣ ಮತ್ತು ಮೆಗ್ನೀಸಿಯಂ ಕಣದಿಂದ ಕಣಕ್ಕೆ ನಿಧಾನವಾಗಿ ಹರಿದು ಎಲ್ಲ ಒಂದೇ ಆಗುತ್ತದೆ. ಹಾಗಾಗಿ ಹತ್ತಾರು ಕಣ ಅಳೆದು, ಎಷ್ಟು ವ್ಯತ್ಯಾಸ ಉಳಿದಿದೆ ನೋಡಿದರೆ ಎಷ್ಟು ಕಾದಿದೆ ಗೊತ್ತಾಗುತ್ತದೆ. ಕರೂಂಡಾದಂಥ ಸಿಕೆ4ರಲ್ಲಿ ಆಲಿವಿನ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ, ಲೋಹ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದರ ಬದಲು ಮ್ಯಾಗ್ನೆಟೈಟ್ ತುಂಬಿದೆ. ಮಣಿಗಳ ಅಂಚು ಸುತ್ತಲಿನ ಪುಡಿಯಲ್ಲಿ ಕರಗಿದ ಹಾಗೆ ಮಸುಕು.

ಹೀಗೆ ಅಕ್ಷರ ಮತ್ತು ಅಂಕಿ ಬೇರೆ ಬೇರೆ ಅಂತ ಇಟ್ಟುಕೊಂಡರೆ ಸಿಐ1 ಕಲ್ಲಿನ ಒಗಟೂ ಬಿಡಿಸುತ್ತದೆ. ಸಿಐ ಕಲ್ಲುಗಳಲ್ಲಿ ಧಾತುಗಳ ಪ್ರಮಾಣ ಸೂರ್ಯನ ಹೊರಪದರದ ಪ್ರಮಾಣಕ್ಕೆ ಬಹಳ ಹತ್ತಿರ. ಜಲಜನಕ, ಹೀಲಿಯಂನಂಥ ಹಾರಿಹೋಗುವ ಕೆಲವನ್ನು ಬಿಟ್ಟರೆ ಬಾಕಿ ಪಟ್ಟಿ ಅಚ್ಚು ಹಾಕಿದ ಹಾಗೆ ಹೊಂದುತ್ತದೆ. ಅಷ್ಟು ಮೂಲಕ್ಕೆ ಹತ್ತಿರದ ಕಲ್ಲಿನ ಖನಿಜ ಮಾತ್ರ ಒಂದೂ ಮೂಲದ್ದಲ್ಲ ಅನ್ನಬಹುದು, ಎಲ್ಲ ನೀರಿನಲ್ಲಿ ಹೊಸದಾಗಿ ಹುಟ್ಟಿದ್ದು. ಇದು ವಿರೋಧ ಅನ್ನಿಸುತ್ತದೆ. ಆದರೆ ನೀರು ಮಾಡಿದ್ದು ಕಲ್ಲಿನ ಒಳಗಿನ ಜೋಡಣೆ ಬದಲಿಸುವ ಕೆಲಸ, ಹೊರಗಿನಿಂದ ತಂದದ್ದೂ ಇಲ್ಲ, ಹೊರಗೆ ಒಯ್ದದ್ದೂ ಇಲ್ಲ. ಮನೆಯನ್ನು ಕೆಡವಿ ಅದೇ ಇಟ್ಟಿಗೆಯಲ್ಲಿ ಬೇರೆ ಮನೆ ಕಟ್ಟಿದ ಹಾಗೆ. ಇಟ್ಟಿಗೆ ಎಣಿಸಿದರೆ ಲೆಕ್ಕ ಸರಿ ಇದೆ.

ಸಿಐ ತುಂಬಾ ಅಪರೂಪ. ಬೀಳುವಾಗಲೇ ನೋಡಿ ಎತ್ತಿಕೊಂಡವು ಐದೇ: ಅಲೇ, ಓರ್ಗೈ, ಇವೂನಾ, ಕೆನಡಾದ ರೆವೆಲ್‌ಸ್ಟೋಕ್, ಮತ್ತು 1911ರಲ್ಲಿ ರಾಜಸ್ಥಾನದ ಟೋಂಕ್‌ನಲ್ಲಿ ಬಿದ್ದ ಏಳೂಮುಕ್ಕಾಲು ಗ್ರಾಂನ ಚೂರು. ಇವುಗಳಲ್ಲಿ ದೊಡ್ಡದು 1864ರ ಮೇ 14ರಂದು ಫ್ರಾನ್ಸಿನಲ್ಲಿ ಬಿದ್ದ ಓರ್ಗೈ, ಒಟ್ಟು ಸುಮಾರು 14 ಕಿಲೋ. ಚಾಕುವಿನಿಂದ ಕೊರೆಯುವಷ್ಟು ಮೆತ್ತಗೆ, ನೀರಿಗೆ ಹಾಕಿದರೆ ಪುಡಿಯಾಗಿ ಉದುರುತ್ತದೆ.

ಈ ಓರ್ಗೈಯನ್ನು ನಾವು ಬಹಳ ಕಾಲ ತಪ್ಪಾಗಿ ಓದಿದ್ದೆವು. ಅದರ ಮೈಯಲ್ಲಿ ಬಿಳಿ ಎಳೆಗಳಿವೆ, ಮೆಗ್ನೀಸಿಯಂ ಸಲ್ಫೇಟ್. ಕ್ಷುದ್ರಗ್ರಹದ ಬಿರುಕುಗಳಲ್ಲಿ ಉಪ್ಪುನೀರು ಹರಿದ ಗುರುತು ಅಂತ ದಶಕಗಳ ಕಾಲ ಬರೆದರು. 2001ರಲ್ಲಿ ಗುನೆಲ್ ಮತ್ತು ಝೊಲೆನ್‌ಸ್ಕಿ 1864ರ ಹಳೆಯ ವರದಿಗಳನ್ನು ತಿರುಗಿ ಓದಿದಾಗ, ಕಲ್ಲನ್ನು ಅಷ್ಟು ಚೆನ್ನಾಗಿ ನೋಡಿದವರು ಯಾರೂ ಈ ಬಿಳಿ ಎಳೆಗಳ ಮಾತೇ ಎತ್ತಿರಲಿಲ್ಲ. ಎಳೆಗಳು ಬೆಳೆದದ್ದು ಸಂಗ್ರಹಾಲಯದ ಕಪಾಟಿನಲ್ಲಿ, ಗಾಳಿಯ ತೇವ ಹೀರಿಕೊಂಡು. ಆಮೇಲೆ 2020ರ ಡಿಸೆಂಬರ್‌ನಲ್ಲಿ ಜಪಾನಿನ ಹಯಬುಸಾ2 ನೌಕೆ ರ್‍ಯುಗು ಕ್ಷುದ್ರಗ್ರಹದಿಂದ 5.4 ಗ್ರಾಂ ಮಣ್ಣು ತಂದಿತು. ಧಾತುಗಳ ಲೆಕ್ಕದಲ್ಲಿ ಅದು ಸಿಐಯ ಒಡಹುಟ್ಟು. ಜೇಡಿ ಇದೆ, ಮ್ಯಾಗ್ನೆಟೈಟ್ ಇದೆ, ಕಾರ್ಬೊನೇಟ್ ಇದೆ. ಸಲ್ಫೇಟ್ ಎಳೆ ಇಲ್ಲ.

ಅಂದರೆ ಕಲ್ಲಿನ ಬಾಳಿನಲ್ಲಿ ಅಕ್ಷರಕ್ಕೂ ಅಂಕಿಗೂ ಸಿಗದ ಮೂರನೆಯ ಅಧ್ಯಾಯ ಒಂದಿದೆ, ಇಲ್ಲಿಗೆ ಬಂದ ಮೇಲಿನದು. 2000ದ ಜನವರಿ 18ರಂದು ಕೆನಡಾದಲ್ಲಿ ಹೆಪ್ಪುಗಟ್ಟಿದ ಟ್ಯಾಗಿಷ್ ಸರೋವರದ ಮೇಲೆ ಬಿದ್ದ ಕಲ್ಲುಗಳಲ್ಲಿ ಕೆಲವನ್ನು ಬರಿಗೈಯಲ್ಲಿ ಮುಟ್ಟದೆ ಎತ್ತಿ, ಹೆಪ್ಪು ಕರಗಲು ಬಿಡದೆ ಹಾಗೇ ಇಟ್ಟಿದ್ದಾರೆ. ಅದು ಯಾವ ಗುಂಪಿಗೂ ಸೇರುವುದಿಲ್ಲ, ಚೀಟಿಯಲ್ಲಿ ಸಿ2 ಅಂತ ಬರೆದು ಪಕ್ಕದಲ್ಲಿ ಗುಂಪಿಲ್ಲದ್ದು ಅಂತ ಹಾಕಿದ್ದಾರೆ.

ಬೆನ್ನು ಅನ್ನುವ ಇನ್ನೊಂದು ಕ್ಷುದ್ರಗ್ರಹದಿಂದ ನಾಸಾದ ಒಸೈರಿಸ್-ರೆಕ್ಸ್ ನೌಕೆ 121.6 ಗ್ರಾಂ ಮಣ್ಣು ತಂದದ್ದು 2023ರ ಸೆಪ್ಟೆಂಬರ್ 24ರಂದು. ಆ ಮಣ್ಣನ್ನು ಗಾಳಿ ತಾಕದಂತೆ ಸಾರಜನಕದಲ್ಲಿ ಇಟ್ಟಿದ್ದಾರೆ. 2025ರ ಜನವರಿಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರೊಳಗೆ ಸೋಡಿಯಂ ಕಾರ್ಬೊನೇಟ್, ಸೋಡಿಯಂ ಫಾಸ್ಫೇಟ್, ನಮಗೆಲ್ಲ ಗೊತ್ತಿರುವ ಸೋಡಿಯಂ ಕ್ಲೋರೈಡ್ ಸಿಕ್ಕವು, ಉಪ್ಪುನೀರು ಆರುತ್ತಾ ಆರುತ್ತಾ ಒಂದರ ಹಿಂದೊಂದು ಉಳಿಸಿಹೋಗುವ ಹರಳುಗಳು. ಇದರಲ್ಲಿ ಕೆಲವು ಯಾವ ಉಲ್ಕಾಶಿಲೆಯಲ್ಲೂ ಕಂಡಿರಲಿಲ್ಲ. ಬಿದ್ದ ಕಲ್ಲುಗಳಲ್ಲೂ ಇಂಥವು ಇದ್ದಿರಬಹುದು, ಆದರೆ ಒಂದು ಮಳೆ ಬಂದರೆ, ಅಷ್ಟೇಕೆ, ಒಂದಷ್ಟು ದಿನ ತೇವದ ಗಾಳಿಯಲ್ಲಿ ಇಟ್ಟರೂ ಸಾಕು, ಕರಗಿಹೋಗುತ್ತವೆ.